ಬೆನ್ನ ಮೇಲಿನ ಮೂರು ಸಹಿ

ನನ್ನ ಪ್ಯಾಂಟು ಮೂರನೇ ಸಲವೂ ಸಿದ್ಧವಿರಲಿಲ್ಲ. ಟೈಲರನಿಗೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ನನ್ನ ವಯಸ್ಸಿನವನೊಬ್ಬ ಬಂದು, ಪಾಪ್ ಪಂಕ್ ಎಂಬ ಅಬ್ಬರದ ಹಾಡುಗಳ ಬ್ಯಾಂಡಿನ ಚಿತ್ರವಿದ್ದ ಹಳೇ ಟೀ ಶರ್ಟ್ ಹರಡಿದ.

“ಶನಿವಾರ ಇವರ ಕಾರ್ಯಕ್ರಮ ಇದೆ. ಹೊಟ್ಟೆ ಹಿಡಿಸೋ ಹಾಗೆ ಅಗಲ ಮಾಡಿಕೊಡಿ.”

“ಪಕ್ಕದಲ್ಲಿ ಬಟ್ಟೆ ಸವೆದಿದೆ ಅಣ್ಣ. ಬೆನ್ನು ಸೀಳಿ ಮಧ್ಯೆ ಬಟ್ಟೆ ಪಟ್ಟಿ ಸೇರಿಸ್ತೀನಿ.”

“ಬೆನ್ನು ಬೇಡ. ಅಲ್ಲಿ ಮೂರು ಸಹಿ ಇವೆ.”

“ಬ್ಯಾಂಡಿನವರದ್ದಾ?”

“ಗೆಳೆಯರದ್ದು. ಕಾಲೇಜಲ್ಲಿದ್ದಾಗ ಇವರ ಕಾರ್ಯಕ್ರಮಕ್ಕೆ ಜೊತೆಗೇ ಹೋಗ್ತಿದ್ವಿ.”

“ಶನಿವಾರ ಅವರೂ ಬರ್ತಾರಾ?”

“ಮೂವರಿಗೂ ಮೆಸೇಜ್ ಹಾಕಿದೆ. ಒಬ್ಬ ಮಾತ್ರ ಹೆಬ್ಬೆರಳಿನ ಚಿತ್ರ ಕಳಿಸಿದ.”

“ಮುಂದೆ ಸೀಳಿದ್ರೆ ಹಾಡೋನ ಮುಖ ಎರಡು ಹೋಳಾಗುತ್ತಲ್ಲ!”

“ಆಗಲಿ ಬಿಡಿ. ಅವನು ಇಪ್ಪತ್ತೈದು ವರ್ಷದಿಂದ ಹಾಡ್ತಾನೇ ಇದಾನೆ. ಶನಿವಾರ ಎದುರಿಗೇ ಸಿಗ್ತಾನೆ.”

ಅವನು ರಸೀದಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದ. ನನಗೆ ಪ್ಯಾಂಟಿನ ಮಾತೆತ್ತುವ ಮನಸ್ಸಾಗಲಿಲ್ಲ.