ಕುರ್ಚಿಯ ಮೇಲೆ ಕೂತಿದ್ದ ಸ್ಕೂಲ್ ಬ್ಯಾಗು

ವೇದಿಕೆಯ ನಟ್ಟನಡುವೆ ಆಸೀನರಾಗಿರುವ ಆಡಳಿತ ಮಂಡಳಿಯ ಅಧ್ಯಕ್ಷರಾದ ಪಂಚಾಕ್ಷರಯ್ಯನವರೇ, ಅವರ ಎಡಬಲದಲ್ಲಿರುವ ಗಣ್ಯರೇ, ಸಹೋದ್ಯೋಗಿಗಳೇ, ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಸ್ಸು ಹಿಡಿದು ಬಂದಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಕಾಫಿ ಆದ ಮೇಲೂ ಎದ್ದು ಹೋಗದ ಸಹೃದಯ ಸಭಿಕರೇ,

ಹೊಳೆನರಸೀಪುರದ ಈ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಮಾಜಶಾಸ್ತ್ರ ಕಲಿಸಿದ ಚೂಡಾಮಣಿ ಎಂಬ ನಾನು ಇವತ್ತು ಸಂಜೆ ಐದೂವರೆಗೆ ನಿವೃತ್ತಳಾಗುತ್ತೇನೆ. ಅಧ್ಯಕ್ಷರು ನನ್ನನ್ನು ಬಾಯಿತುಂಬ ಹೊಗಳಿದರು. ಹೊಗಳಿದ ಬಾಯಲ್ಲೇ, ಜೂನ್‌ನಿಂದ ಸಮಾಜಶಾಸ್ತ್ರ ವಿಭಾಗ ಮುಚ್ಚುತ್ತೇವೆ ಎಂದೂ ಹೇಳಿದರು. "ಸಮಾಜ ಹೊರಗಡೆ ಬೀದಿಯಲ್ಲೇ ಇದೆಯಲ್ಲ ಮೇಡಂ, ಅದಕ್ಕೊಂದು ಕ್ಲಾಸ್ ರೂಮು ಯಾಕೆ?" ಎಂದು ನಕ್ಕರು. ನೀವೂ ನಕ್ಕಿರಿ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಸಮಾಜವೆಂದರೇನು? ನಮ್ಮ ಶಾಸ್ತ್ರದ ಹಿರಿಯರು ನೂರು ವರ್ಷದ ಹಿಂದೆಯೇ ಹೇಳಿದ್ದಾರೆ, ಅದು ಯಾರೋ ಕಟ್ಟಿಟ್ಟ ಕಟ್ಟಡವಲ್ಲ. ಇಬ್ಬರು ಎದುರಾದಾಗ ಯಾರು ಮೊದಲು ಕೈಮುಗಿಯುತ್ತಾರೆ, ಯಾರು ದಾರಿ ಬಿಡುತ್ತಾರೆ, ಯಾರು ಕೂರುತ್ತಾರೆ, ಯಾರು ನಿಲ್ಲುತ್ತಾರೆ, ಅಲ್ಲಿ ಅದು ಹುಟ್ಟುತ್ತದೆ. ದಿನಾ ಹುಟ್ಟುತ್ತದೆ. ಹುಟ್ಟಿ ಹುಟ್ಟಿ ಗಟ್ಟಿಯಾಗಿ, ಆಮೇಲೆ ನಮ್ಮನ್ನೇ ಆಳುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದೆ. ನನಗೆ ಅರ್ಥವಾಗಿತ್ತೇ? ಇಲ್ಲ.

ಹದಿನಾಲ್ಕು ವರ್ಷದ ಹಿಂದೆ ವಿದ್ಯಾರ್ಥಿಗಳಿಗೆ ಹೇಳಿದೆ: ಒಂದು ವಾರ, ಯಾರು ಎಲ್ಲಿ ಕೂರುತ್ತಾರೆ ಎಂದು ನೋಡಿ ಬರೆದು ತನ್ನಿ. ಒಬ್ಬ ಕೊಣನೂರು ಸಂತೆಯನ್ನು ಬರೆದ. ಇನ್ನೊಬ್ಬ ಬಸ್ಸನ್ನು ಬರೆಯಲು ಹೋಗಿ, ಕಂಡಕ್ಟರ್ ಸೀಟಿನಲ್ಲಿ ತಾನೇ ಕೂತು ಬೈಸಿಕೊಂಡು ಬಂದ. ಹಳೇಕೋಟೆಯ ಆಶಾರಾಣಿ ಬರೆದದ್ದು ನನ್ನ ಮನೆಯನ್ನು.

ಅವರ ತಾಯಿ ಚಿಕ್ಕಲಕ್ಷ್ಮಮ್ಮ ನಮ್ಮ ಮನೆಗೆ ಮೊಸರು ತರುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಹೀಗಿತ್ತು: "ನಮ್ಮವ್ವನಿಗೆ ಐವತ್ತೈದು. ಮಂಡಿನೋವು. ಮೇಡಂ ಮನೆ ವರಾಂಡದಲ್ಲಿ ಎರಡು ಕುರ್ಚಿ. ಒಂದರಲ್ಲಿ ಮೇಡಂ. ಇನ್ನೊಂದರಲ್ಲಿ ಮೇಡಂ ಮಗನ ಸ್ಕೂಲ್ ಬ್ಯಾಗು. ಅವ್ವ ಮೆಟ್ಟಿಲ ಮೇಲೆ. ಏಳು ದಿನವೂ ಹೀಗೆಯೇ."

ಇಪ್ಪತ್ತಕ್ಕೆ ಏಳು ಅಂಕ ಕೊಟ್ಟೆ. ಕೆಂಪು ಶಾಯಿಯಲ್ಲಿ "ವಿಷಯಕ್ಕೆ ಸಂಬಂಧವಿಲ್ಲ" ಎಂದು ಬರೆದೆ. ನಾವು ಅಂಥವರಲ್ಲ ಸ್ವಾಮಿ, ನಮ್ಮ ಮನೆಯಲ್ಲಿ ಯಾರಿಗೂ ಕೂರಬೇಡ ಎಂದವರಿಲ್ಲ! ನಿಜ. ಕೂರಿ ಎಂದವರೂ ಇರಲಿಲ್ಲ.

ಆದರೆ ಮರುದಿನ ಬೆಳಿಗ್ಗೆ ಆ ಬ್ಯಾಗು ಕಣ್ಣಿಗೆ ಚುಚ್ಚಿತು. ತೆಗೆದಿಟ್ಟು, "ಕೂತ್ಕೊಳ್ಳಿ" ಎಂದೆ. "ಅಯ್, ಬ್ಯಾಡ ಬುಡಿ ಅಮ್ಮಾರೇ, ಮೆಟ್ಲೇ ತಣ್ಣಗದೆ" ಅಂದರು. ಹದಿನೇಳು ದಿನ ಕರೆದೆ. ಹದಿನೆಂಟನೆಯ ದಿನ ಕುರ್ಚಿಯ ತುದಿಯಲ್ಲಿ ಕೂತರು. ಅಂದಿನಿಂದ ನನ್ನ ಮಗ ಸಮರ್ಥ ಬ್ಯಾಗನ್ನು ತಾನೇ ಒಳಗೆ ಒಯ್ಯತೊಡಗಿದ. ಅಂಕವನ್ನು ಮಾತ್ರ ನಾನು ತಿದ್ದಲಿಲ್ಲ. ಅಹಂಕಾರ, ಇನ್ನೇನು? ಇವತ್ತು ನಿಮ್ಮೆಲ್ಲರೆದುರು ನಾಚಿಕೆಯಿಂದ ಒಪ್ಪಿಕೊಳ್ಳುತ್ತಿದ್ದೇನೆ.

ಅಧ್ಯಕ್ಷರೇ, ಸಮಾಜ ಬೀದಿಯಲ್ಲಿದೆ, ಒಪ್ಪಿದೆ. ಅದನ್ನು ನೋಡುವುದನ್ನು ಯಾರಾದರೂ ಕಲಿಸಬೇಕು. ಈಗ ಈ ವೇದಿಕೆಯನ್ನೇ ನೋಡಿ. ಆರು ಕುರ್ಚಿ, ಐದು ಜನ. ಆರನೆಯದರಲ್ಲಿ ನನಗೆ ಕೊಟ್ಟ ಹಣ್ಣಿನ ಬುಟ್ಟಿ ಕೂತಿದೆ. ಅದೇ ಆಶಾರಾಣಿ, ಎಂ.ಎ. ಮುಗಿಸಿ ಎಂಟು ವರ್ಷದಿಂದ ನಮ್ಮ ವಿಭಾಗದಲ್ಲೇ ಪಾಠ ಮಾಡುತ್ತಿರುವ ಅತಿಥಿ ಉಪನ್ಯಾಸಕಿ, ಒಂದು ಗಂಟೆಯಿಂದ ಅಗೋ ಆ ಕಂಬದ ಪಕ್ಕ ನಿಂತಿದ್ದಾರೆ. ಹೆಸರಿಗೆ ಅತಿಥಿ!

ವಿಭಾಗ ಮುಚ್ಚಲು ವಿಭಾಗದ ಮುಖ್ಯಸ್ಥರ, ಅಂದರೆ ನನ್ನ, ಒಪ್ಪಿಗೆ ಬೇಕು. ಅದು ನೀವೇ ಮಾಡಿದ ನಿಯಮ. ಬೆಳಿಗ್ಗೆ ನೀವು ಕಳಿಸಿದ ಕಾಗದ ನನ್ನ ಕೈಯಲ್ಲಿದೆ. ಸಹಿ ಮಾಡಿಲ್ಲ. ಮಾಡುವುದೂ ಇಲ್ಲ. ಐದೂವರೆಯ ನಂತರ ವಿಭಾಗದಲ್ಲಿ ಉಳಿಯುವವರು ಆಶಾರಾಣಿ ಒಬ್ಬರೇ, ಮುಖ್ಯಸ್ಥರ ಜಾಗದಲ್ಲೂ ಅವರೇ. ಸಹಿ ಬೇಕಿದ್ದರೆ ಅವರನ್ನು ಕೇಳಿ. ಆದರೆ ನಿಲ್ಲಿಸಿಕೊಂಡು ಕೇಳಬೇಡಿ. ಮೊದಲು ಕೂರಿಸಿ, ಆಮೇಲೆ ಕೇಳಿ.

ಬುಟ್ಟಿಯನ್ನು ಕೆಳಗಿಟ್ಟಿದ್ದೇನೆ. ಶಾಲು ಹೊದಿಸಿದವರಿಗೆ, ಇಷ್ಟು ಹೊತ್ತು ನನ್ನನ್ನು ಸಹಿಸಿದವರಿಗೆ ಕೃತಜ್ಞಳಾಗಿದ್ದೇನೆ. ಆಶಾರಾಣಿಯವರೇ, ಬನ್ನಿ, ಕೂತ್ಕೊಳ್ಳಿ. ತುದಿಯಲ್ಲಲ್ಲ, ಒರಗಿ ಕೂತ್ಕೊಳ್ಳಿ.

ಎಲ್ಲರಿಗೂ ನಮಸ್ಕಾರ.