ಸೋಲುವವನ ಗೆಳೆತನ

ಒಂದು ಊರು. ಊರಿನ ಹೆಸರು ಬೇಡ, ಅಲ್ಲಿದ್ದ ಮನುಷ್ಯನ ಹೆಸರೂ ಬೇಡ. ಹೆಸರು ಹೇಳಿದರೆ ಸಾಕು, ಪ್ರವಚನಕ್ಕೆ ಕೂತ ನಿಮ್ಮಲ್ಲೇ ಅದೇ ಹೆಸರಿನ ನಾಲ್ಕು ಜನ ಎದ್ದು, ‘ಅಜ್ಜಾರ, ನಮಗ ಅಂದ್ರೇನ್ರಿ?’ ಎಂದು ನನ್ನನ್ನೇ ಕೇಳುತ್ತೀರಿ.

ಆ ಮನುಷ್ಯ ಒಬ್ಬ ಆಟಗಾರ. ಓಡುವ ಆಟವಲ್ಲ, ಕೂತು ಆಡುವ ಆಟ. ಪೋಕರ್ ಅಂತ ಒಂದು ಇಸ್ಪೀಟಿನ ಆಟ ಇದೆಯಲ್ಲ, ಅದು. ನೋಡಿ, ನೋಡಿ, ಇಷ್ಟೊತ್ತು ತೂಕಡಿಸುತ್ತಿದ್ದ ಹಿಂದಿನ ಸಾಲು ಈಗ ಕಣ್ಣು ಬಿಟ್ಟಿತು! ನಿಮಗೆ ಗೊತ್ತಿರುತ್ತದೆ ಬಿಡಿ. ಗೊತ್ತಿಲ್ಲದ ತಾಯಂದಿರಿಗೆ ಹೇಳುತ್ತೇನೆ. ಆ ಆಟದಲ್ಲಿ ಒಳ್ಳೆಯ ಎಲೆ ಬಂದವನೇ ಗೆಲ್ಲಬೇಕೆಂದಿಲ್ಲ. ಕೈಯಲ್ಲಿ ಏನೂ ಇಲ್ಲದವನು ಎಲ್ಲ ಇದ್ದವನ ಹಾಗೆ ಕೂರಬಹುದು. ಎಲ್ಲ ಇದ್ದವನು ಏನೂ ಇಲ್ಲದವನ ಹಾಗೆ ಮುಖ ಸಪ್ಪೆ ಮಾಡಬಹುದು. ಅಲ್ಲಿ ಯಾರೂ ಯಾರ ಮುಖವನ್ನೂ ನಂಬುವುದಿಲ್ಲ, ಮಾತನ್ನಂತೂ ನಂಬುವುದೇ ಇಲ್ಲ. ನಂಬಿದವನು ಸೋತ.

ನಮ್ಮ ಆಟಗಾರ ಮೊದಲು ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ. ಲೆಕ್ಕದಲ್ಲಿ ಚುರುಕು, ತಲೆ ಬಹಳ ತಣ್ಣಗೆ. ‘ಈ ಆಟದಿಂದಲೇ ಹೊಟ್ಟೆ ಹೊರೆಯುತ್ತೇನೆ’ ಎಂದು ಕೆಲಸ ಬಿಟ್ಟ. ಮನೆಯವರು ಬೈದರು, ಅತ್ತರು, ಆಮೇಲೆ ಸುಮ್ಮನಾದರು. ಅವನು ದೂರದ ಪಟ್ಟಣಕ್ಕೆ ಹೋಗಿ ಒಂದು ಬಾಡಿಗೆ ಕೋಣೆ ಹಿಡಿದ. ದಿನಾ ಮಧ್ಯಾಹ್ನ ಕ್ಲಬ್ಬಿಗೆ ಹೋಗುವುದು, ಮುಖ ಕಲ್ಲು ಮಾಡಿಕೊಂಡು ಕೂರುವುದು, ಆಡುವುದು, ಕೋಣೆಗೆ ಬರುವುದು. ಹೊಟ್ಟೆಗೇನೂ ಕಡಿಮೆ ಇರಲಿಲ್ಲ. ಆದರೆ ಇಡೀ ದಿನದಲ್ಲಿ ಅವನು ಆಡುತ್ತಿದ್ದ ಮಾತು ಯಾವುದು ಗೊತ್ತೇ? ಖಾನಾವಳಿಯಲ್ಲಿ ‘ಒಂದು ಊಟ’. ಆಟೋದವನಿಗೆ ‘ಇಲ್ಲೇ ನಿಲ್ಲಿಸಿ’. ಅಷ್ಟೇ! ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋದರೆ ಬೀಗರು, ‘ಏನ್ ಮಾಡ್ಕೊಂಡಿರ್ತೀರಿ?’ ಅನ್ನುವರು. ಇವನು ‘ಬಿಸಿನೆಸ್’ ಅನ್ನುವನು. ‘ಎಂಥಾ ಬಿಸಿನೆಸ್?’ ಅಂತ ಮತ್ತೊಂದು ಪ್ರಶ್ನೆ ಬರುವ ಮೊದಲೇ ಊಟದ ಎಲೆಯಿಂದ ಎದ್ದು ಕೈ ತೊಳೆಯಲು ಹೋಗುವನು.

ಒಂದು ದಿನ ಅವನು ಭಾರೀ ಗೆದ್ದ. ಅಂಥ ಗೆಲುವು ಅವನ ಜನ್ಮದಲ್ಲೇ ಆಗಿರಲಿಲ್ಲ. ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತು ಫೋನು ತೆಗೆದ. ಯಾರಿಗೆ ಹೇಳುವುದು? ಅಣ್ಣನಿಗೆ ಹೇಳಿದರೆ ಬೈಗುಳ. ತಂಗಿಗೆ ಹೇಳಿದರೆ ಕಣ್ಣೀರು. ಕ್ಲಬ್ಬಿನವರಿಗೆ ಹೇಳುವಂತಿಲ್ಲ, ಗೆದ್ದ ದುಡ್ಡು ಅವರದ್ದೇ! ಕೊನೆಗೆ ಅವನು ಗ್ಯಾಸ್ ಸಿಲಿಂಡರ್ ಬುಕ್ ಮಾಡುವ ನಂಬರಿಗೆ ಫೋನು ಹಚ್ಚಿದ. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂದಿತು. ಒತ್ತಿದ. ಆ ಹೆಣ್ಣುಮಗಳ ರೆಕಾರ್ಡು ದನಿಯನ್ನು ಕೊನೆಯವರೆಗೆ ಕೇಳಿದ, ಸಿಲಿಂಡರೇನೂ ಬೇಕಿರಲಿಲ್ಲ. ನಗುತ್ತೀರಾ? ನಗಬೇಡಿ. ಇದು ನಗುವ ಮಾತಲ್ಲ ತಾಯಿ.

ಆಗ ಆ ಕ್ಲಬ್ಬಿಗೆ ಪಾತ್ರೆ ಅಂಗಡಿಯ ಸಾಹುಕಾರರೊಬ್ಬರು ಬರತೊಡಗಿದರು. ವಾರಕ್ಕೊಮ್ಮೆ, ಅಂಗಡಿ ರಜೆಯ ದಿನ. ಎಂಥ ಮನುಷ್ಯ ಅಂತೀರಿ! ಬಾಯಿ ತುಂಬ ನಗು, ಡಬ್ಬಿ ತುಂಬ ರೊಟ್ಟಿ, ಪಕ್ಕದಲ್ಲಿ ಕೂತವನಿಗೆ ಅರ್ಧ ಕೊಡದೆ ತಾವು ತಿನ್ನುವವರಲ್ಲ. ಆದರೆ ಆಟ? ರಾಮ ರಾಮಾ! ಕೈಗೆ ಒಳ್ಳೆಯ ಎಲೆ ಬಂತೋ, ಆ ಸಂತೋಷ ಅವರಿಗೆ ತಡೆಯುತ್ತಿರಲಿಲ್ಲ. ‘ಎಲ್ಲಾರಿಗೂ ಒಂದೊಂದು ಚಾ ಕೊಡಪಾ!’ ಎಂದು ಕೂಗುವರು. ಚಹಾ ಬಂದ ತಕ್ಷಣ ಉಳಿದವರೆಲ್ಲ ಎಲೆ ಕೆಳಗಿಟ್ಟು ಹಿಂದೆ ಸರಿಯುವರು, ಅವರ ಚಹಾ ಕುಡಿಯುತ್ತಾ! ಸಾಹುಕಾರರಿಗೆ ಮಾತ್ರ, ‘ನನಗ ಛಲೋ ಎಲಿ ಬಂದಾಗಷ್ಟ ಎಲ್ಲಾರೂ ಯಾಕ ಓಡ್ತಾರೋ’ ಎಂದು ಅಚ್ಚರಿ.

ಅಂಥವರು ಬಂದರೆ ಆ ದಂಧೆಯವರಿಗೆ ಹಬ್ಬ. ಅವರಲ್ಲೊಂದು ಕಟ್ಟಳೆ ಇದೆಯಂತೆ. ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ಯಾರೂ ಮುರಿಯುವುದಿಲ್ಲ: ಸೋಲುವವನ ತಪ್ಪನ್ನು ಸೋಲುವವನಿಗೆ ಹೇಳಬಾರದು. ಅವನು ಸೋತಾಗ ಬೆನ್ನು ತಟ್ಟಿ, ‘ನಿಮ್ಮ ಆಟ ಚೆನ್ನಾಗಿದೆ, ಎಲೆ ಬರಲಿಲ್ಲ ಅಷ್ಟೇ’ ಅನ್ನಬೇಕು. ಯಾಕೆ? ಅವನು ಕಲಿತುಬಿಟ್ಟರೆ ಇವರ ಗತಿ ಏನು? ಬೇಜಾರಾಗಿ ಬಾರದೇ ಹೋದರೆ ಇವರ ಗತಿ ಏನು?

ನಮ್ಮ ಆಟಗಾರನೂ ವಾರವಾರ ಅದನ್ನೇ ಅಂದ. ವಾರವಾರ ಅವರ ರೊಟ್ಟಿ ತಿಂದ. ಒಮ್ಮೆ ಅವನು ಜ್ವರ ಬಂದು ಕೋಣೆಯಲ್ಲಿ ಬಿದ್ದುಕೊಂಡ. ಕ್ಲಬ್ಬಿನಲ್ಲಿ ಅವನಿಲ್ಲದ್ದನ್ನು ಗಮನಿಸಿದವರು ಒಬ್ಬರೇ. ಸಾಹುಕಾರರು ವಿಳಾಸ ಹುಡುಕಿಕೊಂಡು ಬಂದು, ‘ಏನ್ರಿ ಮಾಸ್ತರ್ರ, ಇಲ್ಲಿ ಒಬ್ಬರ ಬಿದ್ದೀರಲ್ಲ, ನಾವೇನು ಸತ್ತೀವೇನು?’ ಎಂದು ಬೈದರು. ಚೆನ್ನಾಗಿ ಆಡುತ್ತಾನೆಂದು ಅವನನ್ನು ಮಾಸ್ತರ್ ಅಂತಲೇ ಕರೆಯುತ್ತಿದ್ದರು. ಎಬ್ಬಿಸಿಕೊಂಡು ಮನೆಗೆ ಕರೆದೊಯ್ದರು. ಅವರ ಹೆಂಡತಿ ಗಂಜಿ ಕಾಯಿಸಿಕೊಟ್ಟರು. ಮಕ್ಕಳು ‘ಕಾಕಾ’ ಅಂದವು. ಎಷ್ಟೋ ವರ್ಷದ ಮೇಲೆ ಅವನು ಇನ್ನೊಬ್ಬರ ಎದುರಿಗೆ ಮುಖ ಸಡಿಲ ಬಿಟ್ಟು ಕೂತಿದ್ದ. ಈ ಊರಲ್ಲಿ ನನಗೂ ಒಬ್ಬರಿದ್ದಾರೆ ಅಂದುಕೊಂಡ.

ಸ್ವಲ್ಪ ದಿನದ ಮೇಲೆ ಸಾಹುಕಾರರು ಅಂಗಡಿಗೆ ಕರೆಸಿ, ಕೊಡಪಾನಗಳ ನಡುವೆ ಸ್ಟೂಲು ಹಾಕಿ ಕೂರಿಸಿದರು. ಆ ದಿನ ನಗಲಿಲ್ಲ.

‘ಮಾಸ್ತರ್ರ, ಒಂದು ಮಾತು ಖರೇ ಹೇಳ್ರಿ. ಅಂಗಡಿ ತಮ್ಮನ ಕೈಯಾಗ ಕೊಟ್ಟು, ನಾನೂ ನಿಮ್ಮಂಗ ಪೂರ್ತಿ ಇದರಾಗ ಇಳೀಬೇಕಂತ ಮಾಡೀನಿ. ನನ್ನ ಕೈಲೆ ಆಗ್ತದೇನು? ನನ್ನ ಆಟ ಹೆಂಗದ? ನೀವು ಬ್ಯಾಡ ಅಂದ್ರ ಇವತ್ತಿಗೆ ಬಿಡ್ತೀನಿ.’

ಕೇಳಿದಿರಾ? ‘ನೀವು ಬ್ಯಾಡ ಅಂದ್ರ ಬಿಡ್ತೀನಿ.’ ಒಬ್ಬ ಮನುಷ್ಯ ತನ್ನ ಬದುಕನ್ನೇ ತಂದು ಇನ್ನೊಬ್ಬನ ನಾಲಿಗೆಯ ಮೇಲೆ ಇಟ್ಟ. ಇವನಿಗೆ ಗೊತ್ತಿತ್ತು, ಈ ಮನುಷ್ಯ ನೂರು ವರ್ಷ ಆಡಿದರೂ ಗೆಲ್ಲುವುದಿಲ್ಲ. ‘ಬೇಡ’ ಎಂಬ ಒಂದೇ ಮಾತು ಬಾಯಿಯವರೆಗೆ ಬಂತು. ಬಂದು ಅಲ್ಲೇ ನಿಂತಿತು.

ಯಾಕೆ ನಿಂತಿತು? ದುಡ್ಡಿನ ಆಸೆಗೆ ಅಂತೀರಾ? ಅಲ್ಲ! ಅವನ ತಲೆಯಲ್ಲಿ ಓಡಿದ್ದು ಇದು: ಬೇಡ ಅಂದರೆ ಇವರು ಕ್ಲಬ್ಬಿಗೆ ಬರುವುದಿಲ್ಲ. ಬರದೇ ಇದ್ದರೆ ನನಗೆ ಸಿಗುವುದಿಲ್ಲ. ಇಷ್ಟು ದಿನ ಸುಳ್ಳು ಹೇಳಿದ್ದೆ ಎಂದು ಗೊತ್ತಾದರೆ ಮನೆಗೂ ಸೇರಿಸುವುದಿಲ್ಲ. ಮತ್ತೆ ಆ ಕೋಣೆ, ಮತ್ತೆ ‘ಒಂದು ಊಟ’. ಆ ಒಂಟಿತನಕ್ಕೆ ಹೆದರಿಬಿಟ್ಟ ಅವನು. ಹೆದರಿ, ‘ನಿಮ್ಮ ಆಟ ಛಲೋ ಅದ್ರಿ ಸಾವ್ಕಾರ್ರ. ಎಲಿ ಬರವಲ್ವು, ಅಷ್ಟ’ ಎಂದ.

ಸಾಹುಕಾರರು ಅಂಗಡಿ ಬಿಟ್ಟರು. ದಿನಾ ಬರತೊಡಗಿದರು. ಆಟಗಾರನಿಗೆ ಮೊದಮೊದಲು ಖುಷಿ, ದಿನಾ ಗೆಳೆಯನ ಮುಖ ನೋಡಬಹುದಲ್ಲ ಎಂದು. ಆದರೆ ನೋಡಲು ಮುಖ ಎಲ್ಲಿ ಉಳಿಯಿತು? ಸೋತು ಸೋತು ಸಾಹುಕಾರರು ಮೊದಲು ಚಹಾ ಹೇಳುವುದನ್ನು ಬಿಟ್ಟರು. ಆಮೇಲೆ ಡಬ್ಬಿ ತರುವುದನ್ನು ಬಿಟ್ಟರು. ಆಮೇಲೆ ನಗುವುದನ್ನು ಬಿಟ್ಟರು. ಇವನ ಹಾಗೆಯೇ ಮುಖ ಕಲ್ಲು ಮಾಡಿಕೊಂಡು ಎದುರಿಗೆ ಕೂತರು. ಎಲ್ಲೋ ಎರಡು ಮೂರು ದಿನ ಎಲೆ ಬಂದು ಒಂದಿಷ್ಟು ಗೆದ್ದದ್ದು ಬಿಟ್ಟರೆ, ಅಷ್ಟಾದರೂ ಸೋಲುತ್ತಲೇ ಇದ್ದರು. ‘ಮನೀಗೆ ಬರ್ರಿ ಮಾಸ್ತರ್ರ’ ಎಂಬ ಮಾತು ನಿಂತೇ ಹೋಯಿತು.

ಒಂದು ಸಂಜೆ ಆಟಗಾರನಿಗೆ ತಡೆಯಲಾಗಲಿಲ್ಲ. ಸಾಹುಕಾರರನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೈ ಹಿಡಿದುಕೊಂಡ.

‘ಸಾವ್ಕಾರ್ರ, ಇದು ನಿಮ್ಮ ಕೈಲೆ ಆಗೂದಿಲ್ರಿ. ನಾ ಅವತ್ತು ಸುಳ್ಳು ಹೇಳಿದ್ನಿ. ನಿಮ್ಮ ಕಾಲು ಬೀಳ್ತೀನಿ, ಅಂಗಡಿಗೆ ಹೋಗ್ರಿ.’

ಸಾಹುಕಾರರು ಅವನ ಮುಖವನ್ನು ನೋಡಿದರು. ಹೇಗೆ ನೋಡಿದರು? ಗೆಳೆಯ ಗೆಳೆಯನನ್ನು ನೋಡಿದ ಹಾಗಲ್ಲ. ಆಟದಲ್ಲಿ ಎದುರಿನವನನ್ನು ನೋಡುತ್ತಾರಲ್ಲ, ಹಾಗೆ ನೋಡಿದರು.

‘ಮೂರು ದಿನದಿಂದ ನಾ ಒಂದೀಟು ಗೆಲ್ಲಾಕತ್ತೀನಿ ಅಂತ ನಿಮಗ ಹೆದರಿಕಿ ಆಗೇದ. ಅದಕ್ಕ ನನ್ನ ಓಡಸಾಕ ನೋಡ್ತೀರಿ, ಹೌದಿಲ್ಲೋ?’

ಆಟಗಾರ ಅತ್ತುಬಿಟ್ಟ. ಕ್ಲಬ್ಬಿನ ಮೆಟ್ಟಿಲ ಮೇಲೆ, ಎಲ್ಲರೂ ನೋಡುತ್ತಿರುವಂತೆ, ಚಿಕ್ಕ ಮಗುವಿನ ಹಾಗೆ ಅತ್ತ. ಅವನ ಜನ್ಮದಲ್ಲಿ ಅಷ್ಟು ನಿಜವಾದ ಮುಖ ಅವನು ಯಾರಿಗೂ ತೋರಿಸಿರಲಿಲ್ಲ. ಸಾಹುಕಾರರು ಕೈ ಬಿಡಿಸಿಕೊಂಡು ಅಂದರು: ‘ಭಾಳ ಛಲೋ ಆಡ್ತೀರಿ ಬಿಡ್ರಿ ಮಾಸ್ತರ್ರ.’ ಅಂದವರೇ ಒಳಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಕಥೆ ಇಷ್ಟೇ. ಮುಂದೆ ಏನಾಯಿತು ಎಂದು ನನ್ನನ್ನು ಕೇಳಬೇಡಿ, ನಿಮ್ಮನ್ನು ನಾನು ಕೇಳುತ್ತೇನೆ. ನೀವು ಇಸ್ಪೀಟು ಮುಟ್ಟುವುದಿಲ್ಲ, ಸರಿ, ಬಹಳ ಸಂತೋಷ. ಆದರೆ ಆ ಕಟ್ಟಳೆ ನಿಮ್ಮ ಮನೆಯಲ್ಲಿ ಇಲ್ಲವೇ? ಹುಡುಗನಿಗೆ ಓದು ತಲೆಗೆ ಹತ್ತುವುದಿಲ್ಲ ಎಂದು ಗೊತ್ತು, ಆದರೂ ಫೀಸು ಬರುತ್ತದೆಂದು ‘ಹುಡುಗ ಜಾಣ ಇದ್ದಾನೆ’ ಅನ್ನುವ ಟ್ಯೂಷನ್ ಮೇಷ್ಟ್ರು ಇಲ್ಲಿಲ್ಲವೇ? ಗೆಳೆಯ ಕುಡಿದು ಹಾಳಾಗುತ್ತಿದ್ದಾನೆ, ಹೇಳಿದರೆ ಸಿಟ್ಟಾಗಿ ಮಾತು ಬಿಟ್ಟಾನು ಎಂದು ಅವನ ಜೊತೆ ಕೂತು ನಗುವವರು ಇಲ್ಲಿಲ್ಲವೇ? ತಾಯಂದಿರೇ, ನೀವು ತಲೆ ಆಡಿಸುತ್ತಿದ್ದೀರಿ. ಮಗ ಸೊಸೆಯನ್ನು ಬೈಯುವಾಗ, ನನ್ನನ್ನು ಬಿಟ್ಟಾನು ಎಂಬ ಭಯಕ್ಕೆ ‘ನಿನ್ನದೇ ಸರಿ ಕಣಪ್ಪಾ’ ಅಂದವರು ಯಾರು? ಈಗ ತಲೆ ನಿಂತಿತು ನೋಡಿ!

ನಾವು ಸಿಹಿ ಮಾತಾಡಿ ಜನರನ್ನು ಹತ್ತಿರ ಇಟ್ಟುಕೊಂಡಿದ್ದೇವೆ ಅಂದುಕೊಳ್ಳುತ್ತೇವೆ. ಇಲ್ಲ ಅಪ್ಪಾ, ಇಲ್ಲ. ಅವರನ್ನೂ ಕಳೆದುಕೊಳ್ಳುತ್ತೇವೆ, ನಮ್ಮ ಮಾತಿನ ಬೆಲೆಯನ್ನೂ ಕಳೆದುಕೊಳ್ಳುತ್ತೇವೆ. ನಿಜ ಹೇಳುವ ಗಳಿಗೆ ಒಂದು ಇರುತ್ತದೆ. ಅದು ದಾಟಿದರೆ ಅತ್ತು ಹೇಳಿದರೂ ನಂಬುವವರಿಲ್ಲ.

ಆದ್ದರಿಂದ ನಾಳೆ ಬೆಳಿಗ್ಗೆ ನೀವು ಮಾಡಬೇಕಾದ್ದು ಇಷ್ಟು. ನಿಮ್ಮನ್ನು ನಂಬಿ ‘ಹೇಗಿದೆ?’ ಎಂದು ಕೇಳಿದ ಒಬ್ಬರನ್ನು ನೆನಪು ಮಾಡಿಕೊಳ್ಳಿ. ಈಗಾಗಲೇ ನೆನಪಾಗಿದೆ, ನಿಮ್ಮ ಮುಖವೇ ಹೇಳುತ್ತಿದೆ. ಅವರ ಮನೆಗೆ ಹೋಗಿ. ಫೋನಿನಲ್ಲಿ ಬೇಡ, ಎದುರಿಗೆ ಕೂತು, ಮೆಲ್ಲಗೆ, ಪ್ರೀತಿಯಿಂದ, ಆದರೆ ಪೂರ್ತಿ ನಿಜ ಹೇಳಿ. ಅವರು ಸಿಟ್ಟಾಗಬಹುದು. ಒಂದಷ್ಟು ದಿನ ಮಾತು ಬಿಡಬಹುದು. ಬಿಡಲಿ, ಆ ಒಂಟಿತನವನ್ನು ನೀವು ತಡೆದುಕೊಳ್ಳಿ. ಅವರು ನಿಮ್ಮನ್ನು ಇನ್ನೂ ನಂಬುತ್ತಿರುವಾಗಲೇ ಹೋಗಿ.