ಆಯಿನ್ನ ಕರಕೊಂಡ ಬಾ ಅಂದಿದ್ರು

...ಅದನ್ನ ಅಲ್ಲೇನು ನಾ ಹೇಳೂದು, ನಿಮ್ಮ ಮಮ್ಮಿ ಏನ ಹುಟ್ಟಿದಾಗಿಂದ ಇಂಗ್ಲಿಷ್ ಕಲಿತಾಕೀನ? ಕೂಡಿಲ್ಲೆ ನೇಹಾ, ಎಲ್ಲಿ ಓಡ್ತಿ? ನೀನೂ ಬಾರೋ ಓಂಕಾರ, ಆ ಗಾಡಿ ಬಿಡು ಸಾಕು. ಈಗ ಒಳಗ ನಿಮ್ಮ ಮಮ್ಮಿಗೆ ನೀ ಏನಂದಿ ನೇಹಾ? 'ನಾಳೆ ಮೀಟಿಂಗಿಗೆ ಪಪ್ಪಾ ಬರ್ಲಿ, ನೀ ಬರಬ್ಯಾಡ, ಮಿಸ್ ಮುಂದ ತಪ್ಪ ತಪ್ಪ ಇಂಗ್ಲಿಷ್ ಮಾತಾಡ್ತಿ' ಅಂದಿ. ಹೌದಿಲ್ಲ? ನಾ ಇಲ್ಲೆ ಗ್ಯಾಲರಿಯೊಳಗ ಕೂತಿದ್ರೂ ನನ್ನ ಕಿವಿ ಇನ್ನೂ ನೆಟ್ಟಗ ಅವ. ಬೈಯೂದಿಲ್ಲವ್ವಾ, ಕೂಡು. ಒಂದ ಮಾತ ಹೇಳ್ತೀನಿ. ಯಾರ ಮುಂದೂ ಹೇಳಿದ್ದಿಲ್ಲ, ನಾಚಿಕಿ ಬರ್ತದ. ಇಷ್ಟ ವರ್ಷ ಆತು, ಈಗೂ ಬರ್ತದ.

ನಿಮ್ಮ ಮಮ್ಮಿ, ಅಂದ್ರ ನಮ್ಮ ಶೈಲಾ, ಕಲಿತದ್ದು ನಿಮ್ಮಂಗ ವಿಮಾನ ನಗರದ ಏಸಿ ಬಸ್ಸಿನ ಸಾಲಿಯೊಳಗ ಅಲ್ಲ. ಈ ಮರಾಠಿ ಊರಾಗ ಶಿವಾಜಿನಗರ ಬಸ್‌ಸ್ಟ್ಯಾಂಡ್ ಹಿಂದ ಸರ್ಕಾರಿ ಹೈಸ್ಕೂಲ್ ಇತ್ತು, ಮರಾಠಿ ಸಾಲಿ. ಕರೀ ಕಲ್ಲಿನ ಕಟ್ಟಡ, ಮ್ಯಾಲೆ ಹಂಚು. ಇಂಗ್ಲಿಷರ ಕಾಲದಾಗ ಅಲ್ಲಿ ಕುದುರಿ ಕಟ್ತಿದ್ರಂತ. ಇಲ್ಲ ಇಲ್ಲ, ಕುದುರಿ ಅಲ್ಲ, ಕುದುರಿ ಮೇವು ಇಡ್ತಿದ್ರಂತ, ಗಂಟಿ ಬಾರಸೋ ಶಿಪಾಯಿ ಹೇಳ್ತಿದ್ದ. ಮುಂಜಾನೆ ಹುಡಿಗ್ಯಾರ ಸಾಲಿ, ಮಧ್ಯಾಹ್ನ ಹುಡುಗೂರದು. ಕಾಯಿಪಲ್ಯಾ ಮಾರವರ ಮಕ್ಕಳು, ಕಂಡಕ್ಟರ್ ಮಕ್ಕಳು, ನಮ್ಮಂಥಾ ಕಾರಕೂನರ ಮಕ್ಕಳು, ಎಲ್ಲಾರೂ ಅಲ್ಲೇ. ಒಂದೊಂದ ಬೆಂಚಿಗೆ ನಾಕ ನಾಕ ಹುಡಿಗ್ಯಾರು, ತುದಿಗೆ ಕೂತಾಕಿ ಅರ್ಧಾ ಹೊರಗ. ಎಸ್‌ಟಿ ಬಸ್ ಹೊಂಟ್ರ ಆ ಸಪ್ಪಳದಾಗ ಏನೂ ಕೇಳಸ್ತಿದ್ದಿಲ್ಲ, ಬಾಯಾರು, ಅಂದ್ರ ನಿಮ್ಮ ಮಿಸ್ ಇದ್ದಂಗ, ಬೋರ್ಡಿಗೆ ಬರಿಯೋ ಖಡು ಹಂಗ ಕೈಯಾಗ ಹಿಡಕೊಂಡು ಬಸ್ ಹೋಗೋ ತನಕಾ ಸುಮ್ಮ ನಿಂದರತಿದ್ರಂತ. ತಡೀರಿ, ಈ ವಿಮಾನ ಒಂದ ಹಾದ ಹೋಗ್ಲಿ... ಹಾಂ. ಹಿಂಗ ನೋಡ, ಹಿಂಗ ನಿಂದರತಿದ್ರು. ಹಂಗಿದ್ರೂ ಆ ಸಾಲಿಯೊಳಗ ಹುಡಿಗ್ಯಾರು ಭಾಳ ಛಲೋ ಕಲೀತಿದ್ರು. ನಿಮ್ಮ ಮಮ್ಮಿ ಅಂತೂ ಪೈಲಾ ನಂಬರ್.

ನನಗ ಮರಾಠಿ ಬರ್ತಿದ್ದಿಲ್ಲ. ಧಾರವಾಡ ಕಡೆ ಹಳ್ಳ್ಯಾಗ ಹುಟ್ಟಿ ಬೆಳದಾಕಿ ನಾನು, ಇಲ್ಲಿ ಬಂದ ಮ್ಯಾಲೂ ಮನಿ, ಒಲಿ, ನಲ್ಲಿ, ಇಷ್ಟ. ಆದ್ರೂ ಸಾಲಿಗೆ ಹೆಸರ ಹಚ್ಚಲಿಕ್ಕೆ ನಾನೇ ಹೋದೆ, ನಿಮ್ಮ ಅಜ್ಜಾಗ ರಜಾ ಸಿಗಲಿಲ್ಲ. ಪಾಳಿ ಹಚ್ಚಿ ನಿಂತೆವು. ಆಫೀಸಿನ್ಯಾಂವ ಕಾಗದದಾಗಿಂದ ತಲಿ ಎತ್ತಲಾರದ ಕೇಳಿದ, 'ಮುಲೀ ಬರೋಬರ್ ಕೋಣ್ ಆಲಂಯ್?' ಹುಡುಗಿ ಜೋಡಿ ಯಾರ ಬಂದಾರ ಅಂತ. ನಾ ಜೋರಲೆ 'ಮೀ ಆಲಾ!' ಅಂದೆ. ಆತ ನೋಡ! ಮರಾಠಿಯೊಳಗ ಹೆಂಗಸು 'ಮೀ ಆಲೇ' ಅನಬೇಕು. 'ಆಲಾ' ಅಂದ್ರ ಗಂಡಸು ಬಂದಂಗ. ನಮ್ಮ ಕನ್ನಡದಾಗ ಎಷ್ಟ ಛಲೋ ಅದ ನೋಡು, ಗಂಡಸಾಗ್ಲಿ ಹೆಂಗಸಾಗ್ಲಿ ನಾ ಬಂದೆ ಅಂದ್ರ ಮುಗೀತು. ಆಂವ ಎದ್ದ ನಿಂತು ನನ್ನ ಹಿಂದ ಇಣಿಕಿ ನೋಡಿದ, 'ಕುಠೇ ಆಹೇತ್ ಸಾಹೇಬ?' ಸಾಹೇಬ್ರು ಎಲ್ಲಿದ್ದಾರ ಅಂತ! ಪಾಳಿ ಪಾಳೀನ ನಕ್ಕಿತು. ಯಾಕ ನಗ್ತಾರ ಅಂತ ಸೈತ ನನಗ ತಿಳೀಲಿಲ್ಲ, ನಾನೂ ನಕ್ಕೆ ಹುಚ್ಚೀಗತೆ. ಶೈಲಾ ನಗಲಿಲ್ಲ. ಮರುದಿನದಿಂದ ಹುಡಿಗ್ಯಾರು ಆಕಿನ್ನ ಕಾಡಲಿಕ್ಕೆ ಶುರು ಮಾಡಿದ್ರು, 'ಶೈಲಾ, ತುಝೀ ಆಯಿ ಆಲಾ! ತುಝೀ ಆಯಿ ಆಲಾ!' ನಿಮ್ಮವ್ವ ಬಂದಾನ ನೋಡ, ಅಂದಂಗ.

ಒಂಬತ್ತನೇತ್ತಿನ್ಯಾಗ, ಸಂಕ್ರಮಣ ಆದ ಮ್ಯಾಲೆ, ಸಾಲಿಯೊಳಗ ತಾಯಂದ್ರನ್ನ ಕರದ್ರು. ಶೈಲಾ ಪೈಲಾ ಬಂದಿದ್ಳು, ಆಕಿ ತಾಯಿನ್ನ ಮುಂದ ಕೂಡಸ್ತಾರ ಅಂತ ಬಾಜೂ ಮನಿ ಸುನೀತಾ ಬಂದು ಹೇಳಿ ಹೋದ್ಳು. ನನ್ನ ಖುಷಿ ಏನ ಕೇಳ್ತಿ! ಹಸರ ಇಳಕಲ್ ಸೀರಿ ತಗದು ಗಾದಿ ಬುಡಕ ಇಟ್ಟೆ, ಮಡಿಕಿ ನೆಟ್ಟಗ ಕೂಡ್ಲಿ ಅಂತ. ಮುಂಜಾನೆ ಶೈಲಾ ರಿಬ್ಬನ್ ಕಟಗೋತ ಅಂದ್ಳು, 'ಅವ್ವಾ, ನಿನ್ನ ಕರದಿಲ್ಲ. ನಮ್ಮ ಬಾಯಾರು ಆಯಿಲಾ ಘೇವೂನ್ ಯಾ, ಆಯಿನ್ನ ಕರಕೊಂಡ ಬಾ ಅಂದಾರ. ನಾ ಆಯಿನ್ನ ಕರಕೊಂಡ ಹೋಗ್ತೀನಿ.' ನಮ್ಮ ಮನ್ಯಾಗ ಅವ್ವ ಅಂದ್ರ ನಾನು, ಆಯಿ ಅಂದ್ರ ನಮ್ಮತ್ತಿ, ಆಕಿ ಅಜ್ಜಿ. ನೀವು ಈಗ ನನಗ ಆಯಿ ಅಂತೀರಲ್ಲ, ಹಂಗ. ಮರಾಠಿಯೊಳಗ ಆಯಿ ಅಂದ್ರ ತಾಯಿ. ಇದು ಆಕಿಗೆ ಗೊತ್ತಿರಲಿಲ್ಲ ಅಂತೀಯೇನು? 'ತುಝೀ ಆಯಿ ಆಲಾ' ಅಂತ ದಿನಾ ಕೇಳಿ ಕೇಳಿ ಅತ್ತಾಕಿ! ನನ್ನ ಮಾರಿ ನೋಡಲಿಲ್ಲ ಆಕಿ. ಒಂದ ರಿಬ್ಬನ್ ಬಿಚ್ಚಿ ಬಿಚ್ಚಿ ಕಟಗೊಂಡ್ಳು. ನನಗ ತಿಳೀತು. ಸೀರಿ ತಗದು ಟ್ರಂಕಿನ್ಯಾಗ ಇಟ್ಟೆ.

ನಮ್ಮತ್ತಿಗೆ ಇದ್ಯಾವುದೂ ಗೊತ್ತಿಲ್ಲ. ಸೊಲ್ಲಾಪುರದಾಗ ಬೆಳದವರು, ಮರಾಠಿ ನೀರ ಕುಡದಂಗ ಮಾತಾಡ್ತಿದ್ರು. 'ಮೊಮ್ಮಗಳು ಕರದಾಳ' ಅಂತ ಹಿಗ್ಗಿ ಹಿಗ್ಗಿ ಹೋದ್ರು. ಹೋದ ಮ್ಯಾಲೆ ನೋಡ್ತೀನಿ, ಚಾಳೀಸ ಕಿಡಕ್ಯಾಗ ಬಿಟ್ಟ ಹೋಗ್ಯಾರ. ಚಾಳೀಸ ಇಲ್ಲಂದ್ರ ಅವರಿಗೆ ಮೆಟ್ಟಲಾ ಕಾಣೂದಿಲ್ಲ. ಹಿಡಕೊಂಡು ಓಡಿದೆ, ಭಾಂಡೆ ತಿಕ್ಕೋ ಸೀರೀಲೆ, ಸೆರಗ ಒದ್ದಿ. ಸಾಲಿ ಬಾಗಲಾಕ ನಿಂತು ನೋಡಿದ್ರ, ಯವ್ವಾ, ಒಳಗ ಅರಿಷಿಣ ಕುಂಕುಮ ನಡದದ! ಮೀಟಿಂಗ್ ಅಷ್ಟ ಅಂದಿದ್ರು, ಸಂಕ್ರಮಣ ಅಂತ ಬಾಯಾರು ಇದನ್ನೂ ಇಟಕೊಂಡಿದ್ರು. ಬಾಯಿ ಒಬ್ಬಾಕಿ ತಾಟ ಹಿಡಕೊಂಡು ಎಲ್ಲಾರ ಹಣೀಗೂ ಹಚಗೋತ ಬಂದು ನಮ್ಮತ್ತಿ ಮುಂದ ನಿಂತ್ಳು. ಅತ್ತಿ ಹಣಿ ಖಾಲಿ, ಮಾವನವರು ತೀರಿ ಎಷ್ಟೋ ವರ್ಷ ಆಗಿತ್ತು. ಆ ಬಾಯಿ ಕುಂಕುಮದ ಬಟ್ಟ ಮುಂದ ಮಾಡಿ ಹಿಂದ ತಗೊಂಡ್ಳು. ಅತ್ತಿ ಸೆರಗ ಹಣಿ ತನಕಾ ಎಳಕೊಂಡ್ರು. ಆ ಮುದುಕಿ ಏನ ತಪ್ಪ ಮಾಡಿದ್ಳು ಹೇಳು? ಮುಂದಿನ ಸಾಲಿನ್ಯಾಗ, ಎಲ್ಲಾರ ನಡುವ!

ಅಷ್ಟರಾಗ ಮೋಠ್ಯಾ ಬಾಯಿ, ಅಂದ್ರ ಹೆಡ್‌ಮಿಸ್ಟ್ರೆಸ್, ನನ್ನ ನೋಡಿ 'ತುಮ್ಹೀ ಕೋಣ್?' ನೀವ ಯಾರು ಅಂದ್ರು. ಆಲಾನೋ ಆಲೇನೋ, ಒಂದೂ ನೆನಪಾಗ್ಲಿಲ್ಲ. ಚಾಳೀಸ ತೋರಿಸಿ 'ಆಯಿ, ಆಯಿ' ಅಂತ ಅತ್ತಿ ಕಡೆ ಕೈ ಮಾಡಿದೆ. 'ಮಗ ಶೈಲಾಚೀ ಆಯಿ ಕೋಣ್?' ಹಂಗಾದ್ರ ಶೈಲಾನ ತಾಯಿ ಯಾರು? ಆವಾಗ ಅತ್ತಿ ನನ್ನ ಮಾರಿ ನೋಡಿದ್ರು, ಶೈಲಾನ ಮಾರಿ ನೋಡಿದ್ರು. ಎದ್ದು ನಿಂತು ಸಾವಕಾಶ ಅಂದ್ರು, 'ಹೀ ತಿಚೀ ಆಯಿ. ಮೀ ಆಜೀ.' ಇಕಿ ತಾಯಿ, ನಾ ಅಜ್ಜಿ. 'ಆಮಚ್ಯಾ ಕಾನಡೀತ್ ಆಜೀಲಾ ಆಯಿ ಮ್ಹಣತಾತ್, ಪೋರಗೀ ಚುಕಲೀ.' ನಮ್ಮ ಕನ್ನಡದಾಗ ಅಜ್ಜಿಗೆ ಆಯಿ ಅಂತಾರ, ಹುಡುಗಿ ಅದಕ್ಕ ತಪ್ಪಿದ್ಳು. ಎಲ್ಲಾರೂ 'ಅಗ್ಗ ಬಾಯೀ!' ಅಂತ ನಕ್ಕರು, ಪ್ರೀತೀಲೆ ನಕ್ಕರು. ಮೋಠ್ಯಾ ಬಾಯಿ ಶೈಲಾನ ಗಲ್ಲಾ ಹಿಂಡಿದ್ರು. ಅದು ತಿಳೀದ ಆದ ತಪ್ಪಲ್ಲ ಅಂತ ನಾವ ಮೂರ ಮಂದಿಗೆ ಗೊತ್ತಿತ್ತು. ಅತ್ತಿ ನನ್ನ ಕೈ ಹಿಡದು ತಮ್ಮ ಖುರ್ಚಿಮ್ಯಾಲೆ ಕೂಡಿಸಿ, ತಾವು ಹೊರಗ ಕಟ್ಟೀಗೆ ಹೋಗಿ ಕೂತ್ರು. ನನಗ ಕುಂಕುಮ ಹಚ್ಚಿದ್ರು, ಎಳ್ಳುಂಡಿ ಕೊಟ್ರು. ಒದ್ದಿ ಸೆರಗಿನ್ಯಾಗ ಕೈ ಮುಚಗೊಂಡು ಕೂತಿದ್ದೆ ನಾನು. ಭೂಮಿ ಬಾಯಿ ತಗದಿದ್ರ ಒಳಗ ಹೋಗ್ತಿದ್ದೆ.

ಮನೀಗೆ ಬಂದ್ವಿ. ಸಂಜೀಕ ಅಕ್ಕಿ ಹಸನ ಮಾಡಕೋತ ಅತ್ತಿ ನನಗ ಅಂದ್ರು, 'ಹೇಳವಾ, ಮೀ ಆಲೇ ಅನ್ನು.' ನಾ ಅಂದೆ, ಅಳಕೋತ ಅಂದೆ. ಶೈಲಾ ಅಲ್ಲೇ ಗ್ವಾಡೀಗೆ ಮಾರಿ ಮಾಡಿ ಪುಸ್ತಕ ಹಿಡಕೊಂಡಿದ್ಳು, ಒಂದ ಹಾಳಿ ಸೈತ ತಿರುವಲಿಲ್ಲ. ಆಮ್ಯಾಲೆ ಆ ಸಾಲಿಯೊಳಗ ಏನ ಇದ್ರೂ ಆಕಿ ಯಾರನ್ನೂ ಕರೀಲಿಲ್ಲ, ನಾನೂ ಆ ಗೇಟ ದಾಟಲಿಲ್ಲ. ಈಗ ನಾ ಮರಾಠಿ ಹೆಂಗ ಮಾತಾಡ್ತೀನಿ ನೀವ ನೋಡೀರಿ, ರಿಕ್ಷಾದವನ ಜೋಡಿ ಜಗಳಾನೂ ಆಡ್ತೀನಿ. ಆದ್ರ ಅವತ್ತ ಮಾತಾಡಬೇಕಾಗಿದ್ದ ಜಾಗಾ ಎಲ್ಲಿ ಅದ? ಅಲ್ಲಿ ಮಧ್ಯಾಹ್ನದ ಸಾಲಿ ಬಂದ್ ಆತು, ಹುಡುಗೂರು ಎಲ್ಲಾ ಇಂಗ್ಲಿಷ್ ಸಾಲಿಗೆ ಹೋದ್ರು, ಅರ್ಧಾ ಖೋಲಿಗೆ ಬೀಗ ಹಾಕ್ಯಾರಂತ.

ನೋಡ, ಒಳಗ ಭಾಂಡೆ ಸಪ್ಪಳಾ ನಿಂತದ. ಕೇಳಾಕತ್ತಾಳ ನಿಮ್ಮ ಮಮ್ಮಿ. ಕೇಳ್ಲಿ. ಅಳಬ್ಯಾಡ ನೇಹಾ, ನಾ ಏನ ನಿನಗ ಬೈದೆನ? ಅವ್ವ ತಪ್ಪ ಮಾತಾಡಿದ್ರ ಮಂದಿ ಒಂದ ದಿನ ನಗ್ತಾರ, ಮರೀತಾರ. ನೀ ಬ್ಯಾಡ ಅಂದದ್ದು ಆಕಿ ಮರಿಯೂದಿಲ್ಲ. ಏಳು, ಮೂಗ ಒರಸ್ಕೋ. ಒಳಗ ಹೋಗಿ ಕೇಳು ಆಕಿನ್ನ, ನಾಳೆ ಯಾವ ಸೀರಿ ಉಟ್ಕೋತಿ ಅಂತ.